ಮಕ್ಕಳ ಗೊರಕೆಗೆ ಕಿವಿಗೊಡಿ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ಮೂರನೇ ಕ್ಲಾಸಿನ ನನ್ನ ಮೊಮ್ಮಗ ನನ್ನ ಪಕ್ಕದಲ್ಲೇ ಮಲಗುತ್ತಿದ್ದ. ತೀರ್ಥಹಳ್ಳಿ ಕಡೆಯ ಮಳೆ ಎಂಥದ್ದೆಂದು ಗೊತ್ತಲ್ಲ. ಹೆಂಚಿನ ಮೇಲೆ ಅದು ಹೊಯ್ಯುವಾಗಲೂ ಇವನ ಗೊರಕೆ ಕೇಳುತ್ತಿತ್ತು. ದಿನವಿಡೀ ಕುಣಿದಿದ್ದಾನೆ, ಒಳ್ಳೆ ನಿದ್ದೆ ಬಂದಿದೆ ಎಂದುಕೊಂಡಿದ್ದೆ.

ಒಂದು ರಾತ್ರಿ ಮಳೆ ಹೊಳವಾಗಿತ್ತು. ಗೊರಕೆ ತಟ್ಟನೆ ನಿಂತಿತು. ಟಾರ್ಚ್ ಹಾಕಿ ನೋಡಿದೆ. ಕತ್ತು ಹಿಂದಕ್ಕೆ ಚಾಚಿ, ಬಾಯಿ ತೆರೆದು ಮಲಗಿದ್ದ. ಎದೆ ಏರಿಳಿಯುತ್ತಿದೆ, ಮೂಗಿನ ಬಳಿ ಬೆರಳು ಹಿಡಿದರೆ ಗಾಳಿಯೇ ಇಲ್ಲ! ಮನಸ್ಸಿನಲ್ಲೇ ಎಣಿಸಿದೆ. ಹನ್ನೊಂದಕ್ಕೆ ಬರುವಾಗ ಗೊರ್ರೆಂದು ಉಸಿರೆಳೆದು ಮಗ್ಗಲು ಬದಲಿಸಿದ. ಅಷ್ಟು ಚಳಿಯಲ್ಲೂ ಬನಿಯನ್ ಬೆವರಿಗೆ ಒದ್ದೆಯಾಗಿತ್ತು.

ಕೂತಲ್ಲಿ ಕೂರುವುದಿಲ್ಲ, ಪಾಠದ ಕಡೆ ಗಮನವಿಲ್ಲ ಎಂದು ಶಾಲೆಯಿಂದ ದೂರು ಬಂದಿತ್ತು. ಅದಕ್ಕೂ ಬೈದಿದ್ದೆವು, ಹಾಸಿಗೆ ಒದ್ದೆ ಮಾಡಿದ್ದಕ್ಕೂ ಬೈದಿದ್ದೆವು. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಎಷ್ಟೋ ಸಲ ಚಡಪಡಿಸುತ್ತಾರೆ, ಸಿಡುಕುತ್ತಾರೆ. ರಾತ್ರಿಯದ್ದು ಮನೆಯವರಿಗೆ ಗೊತ್ತು, ಹಗಲಿನದ್ದು ಮೇಷ್ಟ್ರಿಗೆ ಗೊತ್ತು. ಎರಡನ್ನೂ ಸೇರಿಸಿ ನೋಡುವವರು ಯಾರು?

ಮೊದಲು ತೋರಿಸಿದ ಡಾಕ್ಟರು, ದೊಡ್ಡವನಾದ ಮೇಲೆ ಸರಿಹೋಗುತ್ತೆ ಎಂದು ಕಳಿಸಿದರು. ಮಗ ಸುಮ್ಮನಿರದೆ ಮೊಬೈಲಿನಲ್ಲಿ ವಿಡಿಯೊ ಮಾಡಿ ಶಿವಮೊಗ್ಗದ ಇಎನ್‌ಟಿ ಡಾಕ್ಟರಿಗೆ ತೋರಿಸಿದ. ಟಾನ್ಸಿಲ್‌ಗಳು ಒಂದಕ್ಕೊಂದು ತಾಗುವಷ್ಟು ದಪ್ಪವಾಗಿದ್ದವು. ಮೂಗಿನ ಹಿಂಭಾಗದಲ್ಲಿ ಟಾನ್ಸಿಲ್‌ನಂತೆಯೇ ಇರುವ ಅಡಿನಾಯ್ಡ್ ಎಂಬ ಗಡ್ಡೆ ಕೂಡ ಬೆಳೆದಿತ್ತು. ನಿದ್ದೆಯಲ್ಲಿ ಗಂಟಲು ಸಡಿಲವಾದಾಗ ಉಳಿದ ಚೂರು ದಾರಿಯೂ ಮುಚ್ಚಿಹೋಗುತ್ತದಂತೆ. 2ರಿಂದ 8 ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. ಮೊದಲು ಮೂಗಿಗೆ ಸ್ಪ್ರೇ ಕೊಟ್ಟರು, ಸಾಲಲಿಲ್ಲ, ಆಪರೇಷನ್ ಆಯಿತು. ಈಗ ಬಾಯಿ ಮುಚ್ಚಿ ಮಲಗುತ್ತಾನೆ. ಹಾಸಿಗೆ ಒದ್ದೆಯಾಗುವುದೂ ನಿಂತಿದೆ.

ಗೊರಕೆ ಎಂದರೆ ಆಪರೇಷನ್ನೇ ಎಂದು ಹೆದರಬೇಡಿ. ನೆಗಡಿಯಾಗಿ ನಾಲ್ಕು ದಿನ ಗೊರಕೆ ಬಂದರೆ ತಾನಾಗಿ ಹೋಗುತ್ತದೆ. ನಮ್ಮ ಮಲೆನಾಡಿನ ಒಣಗದ ಹಾಸಿಗೆ, ಬೂಷ್ಟು, ಸೊಳ್ಳೆ ಬತ್ತಿಯ ಹೊಗೆಗೆ ಅಲರ್ಜಿ ಇರುವ ಮಕ್ಕಳ ಮೂಗು ಕಟ್ಟುವುದೂ ಉಂಟು. ನೆಗಡಿ ಇಲ್ಲದೆಯೂ ವಾರಕ್ಕೆ 3 ರಾತ್ರಿ ಅಥವಾ ಅದಕ್ಕಿಂತ ಜಾಸ್ತಿ ಗೊರೆದರೆ ಡಾಕ್ಟರಿಗೆ ತೋರಿಸಲೇಬೇಕು. ನಡುವೆ ಉಸಿರು ನಿಂತರಂತೂ ತಡಮಾಡಬೇಡಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಆರೋಗ್ಯ ತಪಾಸಣೆಗೆ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಬರುವ ಮುನ್ನಾದಿನ ಶಾಲೆಯವರು ಮನೆಗೊಂದು ಚೀಟಿ ಕಳಿಸಲಿ. ಮಗು ನೆಗಡಿ ಇಲ್ಲದೆಯೂ ವಾರಕ್ಕೆ 3 ರಾತ್ರಿಯಾದರೂ ಗೊರಕೆ ಹೊಡೆಯುತ್ತದೆಯೇ, ನಡುವೆ ಉಸಿರು ನಿಲ್ಲುತ್ತದೆಯೇ, ಎರಡೇ ಪ್ರಶ್ನೆ. ಹೌದು ಎಂದವರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದರಾಯಿತು. ಹಾಸ್ಟೆಲ್ ಮಕ್ಕಳ ಪಕ್ಕದಲ್ಲಿ ಅಜ್ಜಿ ಮಲಗಿರುವುದಿಲ್ಲ ಅಲ್ವಾ? ಅಲ್ಲಿ ವಾರ್ಡನ್ನರು ರಾತ್ರಿ ಒಂದು ಸುತ್ತು ಹೋಗಿ, ಪ್ರತಿ ಹಾಸಿಗೆಯ ಹತ್ತಿರ ಸ್ವಲ್ಪ ನಿಂತು ಕೇಳಿಸಿಕೊಳ್ಳಲಿ.

– ಒಬ್ಬ ಅಜ್ಜಿ, ತೀರ್ಥಹಳ್ಳಿ ತಾಲ್ಲೂಕು