ನೈಮೇಗನ್‌ನಿಂದ ಬೆಟಗೇರಿಯ ಮನೆಗೆ

ಅವ್ವ, ಅಪ್ಪ, ಕಾಕಾ, ಎಲ್ಲರಿಗೂ ನಮಸ್ಕಾರ.

ನಾನಿಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಾಮ ಇದ್ದೇನೆ. ಚಳಿ ಜಾಸ್ತಿ, ಆದರೆ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಇನ್ನೂ ಇದೆ, ಊಟದ ಚಿಂತೆ ಇಲ್ಲ. ಅಪ್ಪಾ, ಮೊನ್ನೆ ಫೋನಿನಲ್ಲಿ ಕೇಳಿದಿರಿ, "ನೀ ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ರೋಗದ ಬಗ್ಗೆ ಏನ್ ಓದ್ತೀ ಅಲ್ಲೆ?" ಅಂತ. ಗಡಿಬಿಡಿಯಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಕಾಲಿಗೆ ಏನಾಗಿದೆ ಅಂತ ನೋಡುವುದು ಡಾಕ್ಟರ ಕೆಲಸ. ಆ ಕಾಲು ಇಟ್ಟುಕೊಂಡು ಒಬ್ಬರು ಬೆಳಿಗ್ಗೆ ಎದ್ದು ಮಲಗುವ ತನಕ ಹೇಗೆ ದಿನ ಕಳೆಯುತ್ತಾರೆ, ಮನೆಯವರು ಏನು ಮಾಡುತ್ತಾರೆ, ಓಣಿಯ ಜನ ಹೇಗೆ ನಡೆದುಕೊಳ್ಳುತ್ತಾರೆ, ಇದನ್ನು ನೋಡುವುದು ನಮ್ಮ ಕೆಲಸ. ಸಮಾಜಶಾಸ್ತ್ರ ಅಂದರೆ ಇಲ್ಲಿ ಇಷ್ಟೇ.

ಇರ್ವಿಂಗ್ ಝೋಲಾ ಅಂತ ಅಮೆರಿಕದ ಒಬ್ಬ ಸಮಾಜಶಾಸ್ತ್ರದ ಪ್ರೊಫೆಸರ್ ಇದ್ದರು. ಹದಿನಾರರ ಆಸುಪಾಸಿನಲ್ಲಿ ಪೋಲಿಯೋ ಬಂತು, ಕೆಲವೇ ವರ್ಷಕ್ಕೆ ಕಾರಿನ ಅಪಘಾತವೂ ಆಯಿತು. ಕಾಲಿಗೆ ಕ್ಯಾಲಿಪರ್, ಕೈಯಲ್ಲಿ ಬಡಿಗೆ. ಹಾಗೇ ಓದಿದರು, ಪಾಠ ಮಾಡಿದರು. 1972ರಲ್ಲಿ ಅವರು ಇಲ್ಲೇ ಹತ್ತಿರದ ಅರ್ನೆಮ್‌ಗೆ ಬಂದರು. ಹುಬ್ಬಳ್ಳಿಗೆ ಧಾರವಾಡ ಹೇಗೋ, ನಮ್ಮ ನೈಮೇಗನ್‌ಗೆ ಅರ್ನೆಮ್ ಹಾಗೆ. ಅಲ್ಲಿ ಅಂಗವಿಕಲರಿಗಾಗಿಯೇ ಕಟ್ಟಿದ ಒಂದು ಊರು ಇದೆ, ಹೆಟ್ ಡಾರ್ಪ್ ಅಂತ. ಅದನ್ನು ಕಟ್ಟಲು 1962ರ ನವೆಂಬರಿನಲ್ಲಿ ಟಿವಿಯಲ್ಲಿ ಹತ್ತಿರ ಹತ್ತಿರ ಒಂದು ಹಗಲು ಒಂದು ರಾತ್ರಿ ಬಿಡದೆ ಕಾರ್ಯಕ್ರಮ ನಡೆಸಿ ದುಡ್ಡು ಕೂಡಿಸಿದರು. ನಡೆಸಿಕೊಟ್ಟವರು ಮೀಸ್ ಬೌಮನ್ ಅನ್ನುವ ಹೆಣ್ಣುಮಗಳು. ಜನ ಕಡ್ಡಿಪೆಟ್ಟಿಗೆಯಲ್ಲಿ ದುಡ್ಡು ಹಾಕಿ ತಂದುಕೊಟ್ಟರು.

ಝೋಲಾ ಸುಮ್ನೆ ನೋಡಿ ಹೋಗಲಿಲ್ಲ. ಅಲ್ಲಿಯವರ ಹಾಗೆ ಗಾಲಿಕುರ್ಚಿಯಲ್ಲಿ ಕೂತು ಒಂದು ವಾರ ಇದ್ದರು. ಕುರ್ಚಿಯಲ್ಲಿ ಕೂತಿದ್ದೇ ತಡ, ತಿಂಗಳುಗಟ್ಟಲೆ ಪರಿಚಯ ಇದ್ದವರು ಕೂಡ ಅವರನ್ನು ಕೇಳದೆ ಕುರ್ಚಿ ತಳ್ಳತೊಡಗಿದರು. ಅವರಿಂದ ಸಾಮಾನು ಎತ್ತಲಿಕ್ಕೆ ಆಗುವುದಿಲ್ಲ ಅಂತ ತಾವೇ ತೀರ್ಮಾನ ಮಾಡಿಬಿಟ್ಟರು. ಕೈ ಗಟ್ಟಿ ಇದ್ದವು, ತಲೆ ನೆಟ್ಟಗಿತ್ತು. ಆದರೂ ದೊಡ್ಡ ಮನುಷ್ಯ ಒಂದೇ ದಿನದಲ್ಲಿ ಮಗು ಆಗಿಹೋದ. ಈ ಒಂದು ವಾರದ ಬಗ್ಗೆ ಪುಸ್ತಕ ಬರಲು 1982ರ ತನಕ ಕಾಯಬೇಕಾಯಿತು. ಅದರಲ್ಲಿ ಅವರು ತಮ್ಮ ಬಗ್ಗೆಯೂ ಬಿಚ್ಚಿ ಬರೆದಿದ್ದಾರೆ. ಅಷ್ಟು ವರ್ಷ ತಮಗೇನೂ ಆಗಿಲ್ಲ ಅನ್ನುವ ಹಾಗೆ ಬದುಕಿದ್ದೆ, ಅಂಗವಿಕಲರಿಂದ ದೂರ ಇದ್ದೆ ಅಂತ.

ಅದನ್ನು ಓದುವಾಗ ನನಗೆ ನಮ್ಮ ಸೋದರತ್ತೆಯ ಮಗಳ ಮದುವೆ ನೆನಪಾಯಿತು. "ಇವರಿಗೆ ಊಟ ಇಲ್ಲೇ ತಂದು ಕೊಡೂಣೇನ್ರಿ?" ಅಂತ ಮದುವೆ ಮನೆಯವರು ಕಾಕಾನ ಬಗ್ಗೆ ಕೇಳಿದ್ದು ಅವ್ವನನ್ನು. ಬಡಿಗೆ ಹಿಡಿದು ನಡೆಯುವ ಕಾಕಾ ಅಲ್ಲೇ ಪಕ್ಕದಲ್ಲಿ ಕೂತಿದ್ದರು. ಆ ಮನೆಯ ಅರ್ಧ ಜನರ ಬಟ್ಟೆ ಹೊಲಿದವರು ಅವರೇ! ಕೇಳಿದವರು ಒಳ್ಳೆಯವರೇ, ಕೆಟ್ಟ ಮನಸ್ಸಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುತ್ತದೆ.

ಇಲ್ಲಿನ ಸೆಮಿನಾರಿನಲ್ಲಿ ನಾನು ಗದಗಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ಮಾತಾಡಿದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ್ದು, 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ಕಟ್ಟಿ ಬೆಳೆಸಿದ್ದು, ನಾಟಕ ಕಂಪನಿ ನಡೆಸಿದ್ದು, ಊರೂರಲ್ಲಿ ತುಲಾಭಾರ ನಡೆದು ಆ ದುಡ್ಡು ಮಕ್ಕಳ ಊಟಕ್ಕೆ, ಪಾಠಕ್ಕೆ ಹೋಗಿದ್ದು. ಕಡ್ಡಿಪೆಟ್ಟಿಗೆಯ ದುಡ್ಡಿನ ಬಗ್ಗೆ ಹೆಮ್ಮೆ ಇರುವ ಈ ಜನಕ್ಕೆ ತುಲಾಭಾರ ಬಹಳ ಹಿಡಿಸಿತು. ಅಂಧರಿಗೆ ಅಂಧರೇ ಗುರುವಾದದ್ದು ಇನ್ನೂ ಹಿಡಿಸಿತು. ಪುಟ್ಟರಾಜ ಅಜ್ಜ ತೀರಿಕೊಂಡದ್ದು 2010ರ ಸೆಪ್ಟೆಂಬರಿನಲ್ಲಿ. ಆವತ್ತು ಗದಗಿಗೆ ಹರಿದು ಬಂದ ಜನವನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಮಾತು ಮುಗಿದ ಮೇಲೆ ನನಗೇ ಒಂದು ಪ್ರಶ್ನೆ ಉಳಿಯಿತು. ಗವಾಯಿಗಳ ಕಾಲಿಗೆ ಬೀಳುವ ಊರಲ್ಲೇ ಕಾಕಾನನ್ನು ಕಂಡು "ಪಾಪ" ಅನ್ನುತ್ತಾರೆ. ಕೈ ಮುಗಿಯುವುದು ಗೊತ್ತು, ಅಯ್ಯೋ ಅನ್ನುವುದೂ ಗೊತ್ತು. ಮಗ್ಗುಲಲ್ಲಿ ಕೂತು ಮಳೆ ಬೆಳೆ ಮಾತಾಡುವುದು ಯಾಕೆ ಇಷ್ಟು ಕಷ್ಟ? ದೇವರೂ ಅಲ್ಲದ, ಪಾಪದವರೂ ಅಲ್ಲದ ಲಕ್ಷಾಂತರ ಜನ ಇದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕ ಒಂದರಲ್ಲೇ 13 ಲಕ್ಷಕ್ಕಿಂತ ಜಾಸ್ತಿ ಅಂಗವಿಕಲರು. ಇವರ ದಿನನಿತ್ಯದ ಬದುಕೇ ನನ್ನ ಸಂಶೋಧನೆ.

ಅಂಗವಿಕಲರ ಕಾಯ್ದೆ ಸುಧಾರಿಸಿದೆ, ನಿಜ. 1995ರದ್ದರಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21. ಶೇ. 40 ಅಥವಾ ಅದಕ್ಕೂ ಹೆಚ್ಚು ಅಂತ ಸರ್ಟಿಫಿಕೇಟು ಇದ್ದರೆ ಮೀಸಲಾತಿ ಇದೆ. ಅದು ಬೇಕು. ಆದರೆ ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಫರಸಿ ಒದ್ದೆಯಾದರೆ ಬಡಿಗೆ ಜಾರುತ್ತದೆ, ಹಾಗಂತ ಕಾಕಾ ಎಲ್ಲರಿಗಿಂತ ಮೊದಲು, ನಸುಕಿನಲ್ಲೇ ಎದ್ದು ಸ್ನಾನ ಮುಗಿಸುತ್ತಾರೆ. ಬಡಿಗೆಯ ತುದಿಯ ರಬ್ಬರು ಸವೆದಿದೆಯಾ ಅಂತ ದಿನಾ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಅಂಗಡಿಯಲ್ಲಿ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಭುಜದ ಅಳತೆ ತೆಗೆಯುತ್ತಾರೆ, ಆಗ ತಾವು ಏಳಬೇಕಿಲ್ಲ. ಹೊಲಿಗೆ ಮಷೀನಿಗೆ ಮೋಟರು ಹಾಕಿಸಿದ್ದು ಅವರದೇ ಯೋಚನೆ. ಇಷ್ಟು ಲೆಕ್ಕಾಚಾರ ಯಾವ ಸರ್ಟಿಫಿಕೇಟಿನಲ್ಲೂ ಬರುವುದಿಲ್ಲ.

ಅವ್ವ, ನಿನ್ನ ಕೆಲಸವೂ ಹಾಗೇ. ಕಾರ್ಬಿನ್ ಮತ್ತು ಸ್ಟ್ರಾಸ್ ಅನ್ನುವವರು 1985ರಲ್ಲಿ ಬರೆದರು, ಬಹಳ ದಿನದ ಕಾಯಿಲೆ ಇರುವ ಮನೆಯಲ್ಲಿ ಮೂರು ಥರದ ಕೆಲಸ ನಡೆಯುತ್ತದೆ ಅಂತ. ಒಂದು ಔಷಧ, ಪಥ್ಯ. ಇನ್ನೊಂದು ಅಡಿಗೆ, ನೀರು, ಮನೆ. ಮೂರನೆಯದು ಬದಲಾದ ಬದುಕಿಗೆ ಮನಸ್ಸನ್ನು ಹೊಂದಿಸಿಕೊಳ್ಳುವುದು. ಅಜ್ಜಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ನೀನು ಮೂರನ್ನೂ ಮಾಡುತ್ತಿದ್ದೀ. ಅಜ್ಜಿ ಹಬ್ಬದ ದಿನ ಹೋಳಿಗೆ ಬೇಡ ಅಂತ ಮುಖ ತಿರುಗಿಸಿದಾಗ ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂತು ಹಳೆಯ ಕಥೆ ಹೇಳಿಸಿದೆಯಲ್ಲ, ಅದೂ ಕೆಲಸವೇ. ಯಾರಾದರೂ ಕೇಳಿದರೆ "ಮನ್ಯಾಗ ಇರ್ತೀನ್ರಿ" ಅನ್ನಬೇಡ.

ಕಾಕಾ, ಇನ್ನು ಮುಂದಿನದು ನಿಮಗೆ. ಜನವರಿಯಲ್ಲಿ ಬರುತ್ತೇನೆ. ಗದಗ, ಬೆಟಗೇರಿಯಲ್ಲಿ ಹಲವರ ಮನೆಗೆ ಹೋಗಿ ಮಾತಾಡಿಸಬೇಕು, ಅವರು ಒಪ್ಪಿದರೆ ಒಂದೊಂದು ದಿನ ಅವರ ಜೊತೆಗೇ ಇರಬೇಕು. ನಿಮ್ಮ ಮೂರು ಗಾಲಿಯ ಸ್ಕೂಟರ್ ಗೆಳೆಯರಿಗೆ ನನ್ನ ಪರಿಚಯ ಮಾಡಿಕೊಡುತ್ತೀರಾ? ಬೇಡ ಅನ್ನುವವರನ್ನು ಒತ್ತಾಯ ಮಾಡುವುದಿಲ್ಲ. ಯಾರ ಹೆಸರೂ ಎಲ್ಲೂ ಬರೆಯುವುದಿಲ್ಲ. ನಾನು ಕೇಳಬೇಕೆಂದಿರುವ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಯಾವುದು ಕೇಳಿದರೆ ಮನಸ್ಸಿಗೆ ನೋವಾಗುತ್ತದೆ, ಯಾವುದನ್ನು ಕೇಳಲೇಬೇಕು, ನೀವೇ ಗುರುತು ಹಾಕಿ. ಸೀಮೆಸುಣ್ಣದಲ್ಲಿ ಹಾಕಿದರೂ ನಡೆಯುತ್ತದೆ, ಫೋಟೋ ತೆಗೆದು ಕಳಿಸಿ. ನಿಮಗೇ ಇಷ್ಟ ಇಲ್ಲದಿದ್ದರೆ ಹಾಗೇ ಹೇಳಿ, ನನಗೆ ಬೇಜಾರಿಲ್ಲ.

ಅಪ್ಪಾ, ಬಚ್ಚಲಿಗೆ ಹಿಡಿಕೆ ಹಾಕಿಸಲು ದುಡ್ಡು ಕಳಿಸಿದ್ದೇನೆ. ಎಷ್ಟು ಎತ್ತರಕ್ಕೆ ಬೇಕು, ಯಾವ ಗೋಡೆಗೆ ಬೇಕು ಅನ್ನುವುದನ್ನು ಕಾಕಾ ಹೇಳಲಿ. ಅವರು ಅಂಗಡಿಗೆ ಹೋದ ಹೊತ್ತಿನಲ್ಲಿ ಗೌಂಡಿಯನ್ನು ಕರೆಸಬೇಡಿ, ರವಿವಾರ ಬರಹೇಳಿ.

ನಿಮ್ಮ ಮಗಳು