ಪಕ್ಕದ ಪಿಟ್‌ನಿಂದ ಬಂದವರಿಗೆ
ಕಾರ್ಟ್ ಎಂಬ ಪುಟ್ಟ ಗಾಡಿಗಳ ರೇಸಿಂಗ್ ಬಿಡುತ್ತಿದ್ದೇನೆ. ಪಕ್ಕೆಲುಬುಗಳು ಸಾಕು ಅನ್ನುತ್ತಿವೆ. ಕಾರ್ಟ್‌ಗೆ ಕುಲುಕಾಟ ತಡೆಯುವ ಸಸ್ಪೆನ್ಷನ್ನೇ ಇಲ್ಲವಲ್ಲ, ಟ್ರ್ಯಾಕಿನ ಪ್ರತಿ ಏಟೂ ಸೀಟಿನ ಮೂಲಕ ನೇರ ಮೈಗೇ ಬರುತ್ತದೆ. ಬಿಡುವ ಮುಂಚೆ, ಹೆಸರೂ ಹೇಳದೆ ಹೋದ ನಿಮಗೆ ಥ್ಯಾಂಕ್ಸ್ ಹೇಳಬೇಕು.

ಸ್ಟೇರಿಂಗ್ ಎಷ್ಟು ಎಳೆದರೂ ನನ್ನ ಗಾಡಿ ತಿರುವಿನಲ್ಲಿ ಹಟಮಾರಿ ಎತ್ತಿನಂತೆ ನೇರಕ್ಕೇ ಹೋಗುತ್ತಿತ್ತು. ನೀವು ಅದೇ ರೇಸಿನ ಎದುರಾಳಿ. ಆದರೂ ಪಕ್ಕದ ಪಿಟ್‌ನಿಂದ, ಅಂದರೆ ನಿಮ್ಮ ಗಾಡಿ ಸಜ್ಜು ಮಾಡುವ ಜಾಗದಿಂದ, ಸ್ಪ್ಯಾನರ್ ಹಿಡಿದು ಬಂದು ನೆಲದ ಮೇಲೆ ಕೂತು ಬಿಡಿಸಿ ಹೇಳಿದಿರಿ: ಹಿಂದಿನ ಎರಡೂ ಚಕ್ರಗಳು ಒಂದೇ ಆಕ್ಸಲ್‌ಗೆ ಬಿಗಿದಿವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಒಳಬದಿಯ ಹಿಂಚಕ್ರ ಕೊಂಚ ಮೇಲೇಳಬೇಕು, ಇಲ್ಲದಿದ್ದರೆ ಎರಡೂ ಸೇರಿ ಗಾಡಿಯನ್ನು ಮುಂದಕ್ಕೇ ತಳ್ಳುತ್ತವೆ. ಅದಕ್ಕೆಂದೇ ಚಾಸಿ, ಅಂದರೆ ಗಾಡಿಯ ಚೌಕಟ್ಟು, ಬಾಗುವಂತೆ ಕಟ್ಟಿರುತ್ತಾರೆ ಎಂದಿರಿ. ಮುಂಚಕ್ರಗಳನ್ನು ಸ್ವಲ್ಪ ಅಗಲಿಸಿದಿರಿ, ಟೈರಿನ ಗಾಳಿ ನೋಡಿದಿರಿ, ಎದ್ದು ಹೋದಿರಿ.

ಆ ರೇಸಿನಲ್ಲಿ ನಿಮ್ಮನ್ನೇ ಹಿಂದಿಕ್ಕಿದೆ. (ಕ್ಷಮೆ ಕೇಳುವುದಿಲ್ಲ, ನೀವೇ ಕಲಿಸಿದ್ದು!) ಕಪ್ ಬೇರೆ ಯಾರಿಗೋ ಹೋಯಿತು, ಅದಿರಲಿ.

ಈಗ ಗಾಡಿ ಮಾರುತ್ತಿದ್ದೇನೆ. ಕೊಳ್ಳುತ್ತಿರುವ ಹುಡುಗನಿಗೆ ನಿಮ್ಮ ಸೆಟಪ್ ಬರೆದಿಟ್ಟ ಚೀಟಿಯನ್ನೂ ಕೊಡುತ್ತಿದ್ದೇನೆ. ಬೇಸರವಿಲ್ಲ ತಾನೇ?