ಕಾಳಿ ಗುಣವಾಗಿದ್ದಾಳೆ, ನಿಮಗೆಲ್ಲ ನಮಸ್ಕಾರ

ನಮ್ಮ ನಾಯಿ ಕಾಳಿಯ ರಕ್ತಪರೀಕ್ಷೆಯ ವರದಿ ಬಂದಿದೆ. 15 ಸಾವಿರಕ್ಕೆ ಕುಸಿದಿದ್ದ ಪ್ಲೇಟ್‌ಲೆಟ್ 2 ಲಕ್ಷ ದಾಟಿದೆ. ಇನ್ನು ಮಾತ್ರೆ ಬೇಡ ಎಂದು ವೈದ್ಯರು ಹೇಳಿದ್ದಾರೆ. ಕಾಯಿಲೆಯ ಸುದ್ದಿ ಕೇಳಿ ಫೋನ್ ಮಾಡಿದವರು, ಎಳನೀರು ತಂದು ಗೇಟಿನ ಬಳಿ ಇಟ್ಟು ಹೋದವರು, ನಡುರಾತ್ರಿ ಎದ್ದು ಬಂದವರು, ಎಲ್ಲರ ಮನೆಗೂ ಹೋಗಿ ಕೈಮುಗಿಯಬೇಕು ಅನ್ನಿಸುತ್ತದೆ. ಅಷ್ಟು ಮನೆಗಳಿಗೆ ಹೋಗಿ ಮುಗಿಸುವುದು ಆಗದ ಮಾತು. ಅದಕ್ಕೇ ಈ ಬರಹ.

‘ಬೀದಿ ನಾಯಿಗೆ ಬಾಳು ಕೊಟ್ಟಿರಿ, ಪುಣ್ಯ ಬರುತ್ತದೆ’ ಎಂದು ಹಲವರು ಹಾರೈಸಿದ್ದೀರಿ. ಆ ಪುಣ್ಯದ ದೊಡ್ಡ ಪಾಲು ಸಲ್ಲಬೇಕಾದವರು ಬೇರೆ ಇದ್ದಾರೆ. ಕಾಳಿ ನಮ್ಮ ಮನೆಗೆ ಬರುವ ಹೊತ್ತಿಗೆ ಅವಳ ಗಾಯ ಮಾಗಿತ್ತು, ಕಜ್ಜಿ ವಾಸಿಯಾಗಿತ್ತು, ರೇಬೀಸ್ ಲಸಿಕೆ ಹಾಕಿಸಿಯಾಗಿತ್ತು, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಮುಗಿದಿತ್ತು. ಮನುಷ್ಯರ ಕೈ ಕಂಡರೆ ಹಲ್ಲು ಕಿರಿಯುವುದನ್ನು ಅವಳು ಬಿಟ್ಟಿದ್ದಳು. ಇದೆಲ್ಲ ಮೈಸೂರಿನ ಹೊರವಲಯದ ಒಂದು ಪ್ರಾಣಿ ಆಶ್ರಯ ಕೇಂದ್ರದ ಸಿಬ್ಬಂದಿ ಮಾಡಿಟ್ಟ ಕೆಲಸ. ನಮ್ಮ ಪಾಲಿಗೆ ಉಳಿದಿದ್ದು ಗೇಟು ತೆರೆದು ಒಳಗೆ ಕರೆದುಕೊಳ್ಳುವುದಷ್ಟೇ.

ನಂಜನಗೂಡು ರಸ್ತೆಯಲ್ಲಿ ಯಾವುದೋ ವಾಹನ ಅವಳ ಹಿಂಗಾಲಿನ ಮೇಲೆ ಹರಿದುಹೋಗಿತ್ತಂತೆ. ಇಬ್ಬರು ಕಾಲೇಜು ಹುಡುಗರು ಗೋಣಿಚೀಲದಲ್ಲಿ ಮಲಗಿಸಿಕೊಂಡು, ಬೈಕಿನ ಮೇಲೆ ಅವಳನ್ನು ಕೇಂದ್ರಕ್ಕೆ ತಂದರಂತೆ. ಆ ಹುಡುಗರು ಯಾರೆಂದು ನಮಗೆ ತಿಳಿದಿಲ್ಲ. ಇದನ್ನು ಓದುತ್ತಿದ್ದರೆ, ಮಕ್ಕಳೇ, ನೀವು ತಂದ ನಾಯಿ ಚೆನ್ನಾಗಿದ್ದಾಳೆ. ಕಾಲು ಉಳಿಯಲಿಲ್ಲ, ತೆಗೆಯಲೇಬೇಕಾಯಿತು. ಆದರೆ ನಾಯಿಯ ದೇಹದ ಭಾರದಲ್ಲಿ ಶೇ 60ರಷ್ಟನ್ನು ಹೊರುವುದು ಮುಂಗಾಲುಗಳು. ಒಂದು ಹಿಂಗಾಲು ಇಲ್ಲದೆಯೂ ಅವಳು ನಮ್ಮ ಮನೆಯ ಮೆಟ್ಟಿಲನ್ನು ನನಗಿಂತ ಬೇಗ ಹತ್ತುತ್ತಾಳೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ಬೀದಿ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಎನ್ನುವುದು 2023ರ ನಿಯಮ. ಮೂರು ಕಾಲಿನ ನಾಯಿಯನ್ನು ಮತ್ತೆ ಅದೇ ಹೆದ್ದಾರಿಗೆ ಬಿಡಲು ಕೇಂದ್ರದವರಿಗೆ ಮನಸ್ಸು ಬರಲಿಲ್ಲ, ಇಟ್ಟುಕೊಂಡರು. ಇಟ್ಟುಕೊಳ್ಳುವುದು ಸುಲಭದ ಮಾತಲ್ಲ. ಪ್ರತಿದಿನದ ಊಟ, ಔಷಧ, ಮಲಗಲು ಜಾಗ, ಎಲ್ಲವೂ ದಾನಿಗಳ ದುಡ್ಡಿನಿಂದಲೇ ನಡೆಯಬೇಕು. ದತ್ತು ಕೇಳಿಕೊಂಡು ಬರುವವರು ಮರಿ ಬೇಕು, ಗಂಡು ಬೇಕು, ಬಿಳಿಯದು ಬೇಕು, ಲ್ಯಾಬ್ರಡಾರ್ ಇದೆಯೇ ಎನ್ನುತ್ತಾರೆ. ಬೆಳೆದ, ಕಪ್ಪು ಬಣ್ಣದ, ಹೆಣ್ಣು, ನಾಟಿ ನಾಯಿ, ಅದರಲ್ಲೂ ಕಾಲಿಲ್ಲದ್ದು. ಅವಳನ್ನು ದಾಟಿಕೊಂಡು ಎಷ್ಟು ಜನ ಮುಂದೆ ಹೋದರೋ!

ಅಲ್ಲಿ ಕೆಲಸ ಮಾಡುವ ಒಬ್ಬ ಅಕ್ಕನ ಬಗ್ಗೆ ಹೇಳಲೇಬೇಕು. ಮೊದಲ ಸಲ ಹೋದಾಗ ಅವರು ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದರು. ತೊಡೆಯ ಮೇಲೆ ಒಂದು ಬಡಕಲು ನಾಯಿಯ ಪಾದ. ಬೆರಳ ಸಂದುಗಳನ್ನು ಬಿಡಿಸಿ, ಚಿಮಟದಿಂದ ಉಣ್ಣೆಹುಳದ ತಲೆ ಚರ್ಮದಲ್ಲಿ ಉಳಿಯದಂತೆ ನೇರವಾಗಿ ಎಳೆದು, ಒಂದೊಂದನ್ನೇ ಪಕ್ಕದ ಡಬ್ಬಿಗೆ ಹಾಕುತ್ತಿದ್ದರು. ನಾಯಿ ಗುರ್ ಎಂದಾಗಲೆಲ್ಲ ‘ಆಯ್ತು ಕಂದ, ಆಯ್ತು’ ಎನ್ನುತ್ತಿದ್ದರು. ಹಿಂದೆ ದೊಡ್ಡ ಹಂಡೆಯಲ್ಲಿ ಅನ್ನ, ಕೋಳಿ, ಕ್ಯಾರೆಟ್ ಬೇಯುತ್ತಿತ್ತು. ಈರುಳ್ಳಿ ಹಾಕುವುದಿಲ್ಲ, ಅದು ನಾಯಿಯ ರಕ್ತಕ್ಕೆ ವಿಷ ಎಂದು ನನಗೆ ಹೇಳಿಕೊಟ್ಟವರೂ ಅವರೇ. ಬಿಸಿ ಅನ್ನ ಆರಿಸಿ, ಪ್ರತಿ ನಾಯಿಯ ತಟ್ಟೆಯಲ್ಲೂ ಅದರ ಮಾತ್ರೆ ಸೇರಿದೆಯೇ ಎಂದು ನೋಡಿ, ಆಮೇಲಷ್ಟೇ ತಮ್ಮ ಊಟದ ಡಬ್ಬಿ ಬಿಚ್ಚಿದರು. ಇಂತಹ ಕೆಲಸಕ್ಕೆ ಸಿಗುವ ಸಂಬಳ ತೀರ ಕಡಿಮೆ. ಸನ್ಮಾನದ ಶಾಲು ಇವರ ಹೆಗಲಿಗೂ ಬೀಳಬೇಕು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ದಾರಿ ಮಾಡಿದವರನ್ನೂ ನೆನೆಯುತ್ತೇನೆ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳಿಗೆ ಆಶ್ರಯ ಕಟ್ಟಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯುಪಾ’ ಎಂಬ ಪ್ರಾಣಿ ಕಲ್ಯಾಣ ಸಂಸ್ಥೆ ಆರಂಭಿಸಿದರು. ಜನ ವಿಶ್ರಾಂತಿ ಬಯಸುವ ವಯಸ್ಸು ಅದು.

ಹೆಸರಿನ ಬಗ್ಗೆ ಹಲವರು ಕೇಳಿದ್ದೀರಿ. ಕಪ್ಪಗಿದ್ದಾಳೆ ಎಂದು ಇಟ್ಟದ್ದಲ್ಲ. ನಾನು ಇತಿಹಾಸ ಪಾಠ ಮಾಡಿದವಳು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲು ಇತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗ ‘ಏನು ಬೇಕೋ ಕೇಳು’ ಎಂದನಂತೆ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಸೆಣಸಿ ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಡಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದೆ ನಮ್ಮ ನೆಲದಲ್ಲಿ ನಾಯಿಗೆ ಅಷ್ಟು ಮರ್ಯಾದೆ ಇತ್ತು ಎಂದು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು. ವಾಹನಕ್ಕೆ ಸಿಕ್ಕಿಯೂ ಬದುಕಿಬಂದವಳಿಗೆ ಬೇರೆ ಹೆಸರು ಹೊಳೆಯಲಿಲ್ಲ.

ಇನ್ನು ಕಾಯಿಲೆಯ ವಿಷಯ. ಉಣ್ಣೆ ಕಚ್ಚುವುದರಿಂದ ಬರುವ ಎರ್ಲಿಕಿಯೋಸಿಸ್ ಅದು, ಎಲ್ಲರೂ ಟಿಕ್ ಫೀವರ್ ಎನ್ನುತ್ತಾರೆ. ರೋಗಾಣು ಬಿಳಿ ರಕ್ತಕಣದೊಳಗೆ ಸೇರಿಕೊಂಡು ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತಬಲ್ಲದು. ಬೀದಿಯಲ್ಲಿದ್ದಾಗಲೇ ತಗುಲಿರಬಹುದು ಎಂದರು ವೈದ್ಯರು. ಊಟ ಬಿಟ್ಟಳು. ಒಸಡು ಸುಣ್ಣದಂತೆ ಬಿಳಿಚಿತು. ಒಂದು ರಾತ್ರಿ ಮೂಗಿನಿಂದ ರಕ್ತ ಸುರಿಯತೊಡಗಿತು. ನಾಯಿ ಎಂದೊಡನೆ ಆಟೋಗಳು ಮುಂದೆ ಹೋದವು. ಒಬ್ಬ ಚಾಲಕರು ನಿಲ್ಲಿಸಿ, ಸೀಟಿನ ಮೇಲೆ ತಮ್ಮದೇ ಟವೆಲ್ ಹಾಸಿ, ‘ಮಲಗಿಸಿ ಅಮ್ಮ’ ಎಂದರು. ಮೀಟರಿನ ಮೇಲೆ ಒಂದು ರೂಪಾಯಿ ಹೆಚ್ಚು ಮುಟ್ಟಲಿಲ್ಲ. ಆ ಟವೆಲ್ ಮತ್ತೆ ಬಳಸುವ ಸ್ಥಿತಿಯಲ್ಲಿರಲಿಲ್ಲ.

ರಕ್ತ ಬೇಕು ಎಂದಾಗ ನನಗೆ ದಿಕ್ಕು ತೋಚದೆ ಕೇಂದ್ರಕ್ಕೆ ಫೋನ್ ಮಾಡಿದೆ. ದತ್ತು ಕೊಟ್ಟು ಎಷ್ಟೋ ಕಾಲವಾಗಿತ್ತು, ಆದರೂ ಅವರು ಕಾಳಿಯನ್ನು ತಮ್ಮವಳೆಂದೇ ಎಣಿಸಿ ಹೊತ್ತಲ್ಲದ ಹೊತ್ತಿನಲ್ಲಿ ಮನೆಮನೆಗೆ ಕರೆ ಮಾಡಿದರು. ಕುವೆಂಪುನಗರದ ಒಂದು ಕುಟುಂಬ ತಮ್ಮ ಲ್ಯಾಬ್ರಡಾರ್ ಬ್ರೂನೋನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂತು. ನಾಯಿಗಳಲ್ಲೂ ರಕ್ತದ ಗುಂಪುಗಳಿವೆ, ಆದರೆ ಬೇರೆ ಗುಂಪಿನ ರಕ್ತವನ್ನು ಎದುರಿಸುವ ಪ್ರತಿಕಾಯಗಳು ಮನುಷ್ಯರಲ್ಲಿರುವ ಹಾಗೆ ಸಹಜವಾಗಿ ಮೊದಲೇ ಇರುವುದಿಲ್ಲ. ಹಾಗಾಗಿ ಮೊದಲ ಸಲ ಕೊಡುವ ರಕ್ತ ಸಾಮಾನ್ಯವಾಗಿ ಒಗ್ಗುತ್ತದೆ. ಬ್ರೂನೋನ ಕುತ್ತಿಗೆಯ ಒಂದು ಬದಿಯ ಕೂದಲು ಬೋಳಿಸಿ ದೊಡ್ಡ ರಕ್ತನಾಳಕ್ಕೆ ಸೂಜಿ ಹಾಕಿದರು. ಆ ಮನೆಯ ಹುಡುಗ, ಮರುದಿನ ಅವನಿಗೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ, ಬ್ರೂನೋನ ಮುಖಕ್ಕೆ ಮುಖ ಕೊಟ್ಟು ಚೀಲ ತುಂಬುವವರೆಗೂ ಏನೇನೋ ಮಾತಾಡುತ್ತಲೇ ಇದ್ದ. ಬ್ರೂನೋ ಅಲುಗಲಿಲ್ಲ. ಮಗು, ನಿನ್ನ ಋಣ ದೊಡ್ಡದು. ನಿನ್ನ ಬ್ರೂನೋನದೂ.

ಆಮೇಲೆ 28 ದಿನ ಡಾಕ್ಸಿಸೈಕ್ಲಿನ್ ಎಂಬ ರೋಗಾಣು ಕೊಲ್ಲುವ ಮಾತ್ರೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ, ತಿನ್ನಿಸೋಣವೆಂದರೆ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಅತ್ತೆಯವರು ಮಡಿ ಮೈಲಿಗೆ ಬಿಡದವರು, ಕಾಳಿ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಅವರೇ ಬೀರುವಿನಿಂದ ಒಳಲೆ ತೆಗೆದರು. ನನ್ನ ಮಕ್ಕಳಿಗೆ ಹಾಲು ಕುಡಿಸಿದ ಒಳಲೆ. ರಾಗಿ ಗಂಜಿಯನ್ನು ತೆಳ್ಳಗೆ ಕದಡಿ, ಕಾಳಿಯ ಪಕ್ಕ ನೆಲಕ್ಕೆ ಕುಳಿತು, ಕೆನ್ನೆಯ ಸಂದಿಗೆ ಒಳಲೆಯ ಮೂತಿ ಇಟ್ಟು ಗುಟುಕು ಗುಟುಕಾಗಿ ಬಿಟ್ಟರು. ಗಂಟಲಿಗೆ ನೇರವಾಗಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಅತ್ತೆಯವರಿಗೆ ಅದನ್ನು ಹೇಳಬೇಕಾಗಲೇ ಇಲ್ಲ. ಮೊಣಕಾಲು ನೋವಿದ್ದರೂ ದಿನಕ್ಕೆ ಹಲವು ಬಾರಿ ಹಾಗೆ ಕುಳಿತರು. ಅಮ್ಮ, ನಿಮಗೆ ಎದುರು ನಿಂತು ಹೇಳಿದರೆ ಗದರುತ್ತೀರಿ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ. ಕಾಳಿಯನ್ನು ಉಳಿಸಿದ್ದರಲ್ಲಿ ನಿಮ್ಮ ಗಂಜಿಯ ಪಾಲೂ ಇದೆ.

ಖರ್ಚಿಗೆಂದು ಕೆಲವರು ಹಣ ಕೊಡಲು ಮುಂದೆ ಬಂದಿರಿ. ನಮ್ಮ ಖರ್ಚು ನಾವು ತೂಗಿಸಿದ್ದೇವೆ. ದಯವಿಟ್ಟು ಆ ಹಣವನ್ನು ನಿಮ್ಮ ಊರಿನ ಆಶ್ರಯ ಕೇಂದ್ರಕ್ಕೆ ಕೊಡಿ. ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮರೆಯುವುದಕ್ಕಿಂತ ತಿಂಗಳು ತಿಂಗಳೂ ತಪ್ಪದೆ ಬರುವ ಸಣ್ಣ ಮೊತ್ತ ಅವರಿಗೆ ಹೆಚ್ಚು ಆಸರೆ. ಅಕ್ಕಿ ಅಂಗಡಿಯ ಬಾಕಿಯೂ ಸಂಬಳವೂ ತಿಂಗಳಿಗೊಮ್ಮೆ ಬರುವಂಥವು. ಮಳೆಗಾಲಕ್ಕೆ ಮುಂಚೆ ಹಾಸಿಗೆಗೆ ಬಟ್ಟೆ ಬೇಕಾಗಿದೆ. ನಮ್ಮ ಗೇಟಿನ ಒಳಗೆ ದೊಡ್ಡ ಪೆಟ್ಟಿಗೆ ಇಟ್ಟಿದ್ದೇವೆ. ಹಳೆಯ ಬೆಡ್‌ಶೀಟ್, ಟವೆಲ್, ದಿನಪತ್ರಿಕೆ ಹಾಕಿ. ಹತ್ತಿ ತುಂಬಿದ ರಜಾಯಿ ಬೇಡ, ನಾಯಿಗಳು ಹರಿದು ಹತ್ತಿ ನುಂಗುತ್ತವೆ. ಕಾಳಿ ಇದ್ದ ಜಾಗದಲ್ಲಿ ಈಗ ಬೆಳ್ಳಿ ಎಂಬ ಮುದಿ ನಾಯಿ ಇದೆ, ಎರಡೂ ಕಣ್ಣು ಕಾಣಿಸುವುದಿಲ್ಲ, ದನಿ ಹಿಡಿದು ನಡೆದು ಬರುತ್ತದೆ. ಪೆಟ್ಟಿಗೆಯನ್ನು ಭಾನುವಾರ ಬೆಳಿಗ್ಗೆ ಕೊಂಡೊಯ್ಯುತ್ತೇನೆ. ಬೆಳ್ಳಿಯನ್ನು ನೋಡಬೇಕೆನ್ನುವವರು ನನ್ನ ಜೊತೆ ಬನ್ನಿ, ಕಾರಿನಲ್ಲಿ ಮೂವರಿಗೆ ಜಾಗವಿದೆ.